ಒಂದು ಲೋಟವೂ ಒಡೆಯದ ಮನೆ

ಹಳೇಕೋಟೆಯ ಬಸ್ ನಿಲ್ದಾಣದ ಗೋಡೆಯ ಮೇಲೆ ನವಿಲೊಂದು ಹುಟ್ಟುತ್ತಿತ್ತು. ಊರಿನ ಹೆಂಗಸರೆಲ್ಲ ಸೇರಿ ಅದಕ್ಕೆ ಬಾಣಂತನ ಮಾಡುತ್ತಿದ್ದರು. ಒಡೆದ ತಟ್ಟೆ, ಸೀಳಿದ ಟೈಲ್ಸು, ಚೂರಾದ ಬಳೆ, ಬಾಯಿ ಹೋದ ಉಪ್ಪಿನಕಾಯಿ ಜಾಡಿ, ಹೀಗೆ ಮನೆಮನೆಯಿಂದ ಬಂದ ಚೂರುಗಳನ್ನು ಹಸಿ ಸಿಮೆಂಟಿಗೆ ಒತ್ತಿ ಒತ್ತಿ ಗರಿ ಮೂಡಿಸುತ್ತಿದ್ದರು. ಹಾಸನದಿಂದ ಬಂದು ಈ ಕೆಲಸ ಕಲಿಸುತ್ತಿದ್ದ ಅನುಶ್ರೀ ಮೇಡಂ ಹಾಕಿದ್ದು ಒಂದೇ ಷರತ್ತು. ಅಂಗಡಿಯಿಂದ ತಂದು ಒಡೆಯುವಂತಿಲ್ಲ; ಮನೆಯಲ್ಲಿ ಬಳಸುವಾಗ ತಾನಾಗಿ ಒಡೆದದ್ದೇ ಆಗಬೇಕು.

ಆ ಷರತ್ತು ಶಿವರಾಜುವಿನ ಕುತ್ತಿಗೆಗೆ ಬಂತು.

ಶಿವರಾಜು ನಿಲ್ದಾಣದ ಎದುರು ಮೊಬೈಲ್ ರೀಚಾರ್ಜ್ ಅಂಗಡಿ ಇಟ್ಟುಕೊಂಡವನು. ಅವನ ಮೂಗಿನ ಮೇಲೆ ಸೋಡಾ ಬಾಟಲಿಯ ತಳದಂಥ ಕನ್ನಡಕ. ಅದು ಇಲ್ಲದಿದ್ದರೆ ಎದುರಿಗೆ ಬರುತ್ತಿರುವುದು ಎಮ್ಮೆಯೋ ಬಸ್ಸೋ ಎಂದು ಹಾರನ್ ಕೇಳಿಯೇ ತಿಳಿಯಬೇಕು. ಅವನ ಹೆಂಡತಿ ಧನಲಕ್ಷ್ಮಿಗೆ ಊರಿನಲ್ಲಿ ಬೇರೆಯೇ ಕೀರ್ತಿ. ಅವಳು ಸೊಸೆಯಾಗಿ ಬಂದಂದಿನಿಂದ ಆ ಮನೆಯಲ್ಲಿ ಒಂದು ಲೋಟವೂ ಒಡೆದಿಲ್ಲ. ಇದಕ್ಕೆ ಸಾಕ್ಷಿ ಎದುರು ಮನೆಯ ರೇವಮ್ಮ. ಪಂಚಾಯ್ತಿಯ ಕಸದ ಗಾಡಿ ಬಂದಾಗ ಜಗುಲಿಯಲ್ಲಿ ನಿಂತು ಯಾರ ಬುಟ್ಟಿಯಲ್ಲಿ ಏನಿದೆಯೆಂದು ಇಣುಕುವುದು ರೇವಮ್ಮನ ದಿನದ ಕೆಲಸ. ಧನಲಕ್ಷ್ಮಿಯ ಬುಟ್ಟಿಯಲ್ಲಿ ತರಕಾರಿ ಸಿಪ್ಪೆ ಬಿಟ್ಟರೆ ಬೇರೇನನ್ನೂ ಅವಳು ಕಂಡವಳಲ್ಲ.

ನವಿಲು ಮುಗಿಯಬೇಕಾದ ದಿನ ಬೆಳಿಗ್ಗೆ, ಹೆಂಗಸರೆಲ್ಲ ಗೋಡೆಯ ಮುಂದೆ ನಿಂತು ತಮ್ಮ ತಮ್ಮ ಚೂರುಗಳನ್ನು ಗುರುತಿಸುತ್ತಿದ್ದಾಗ, ಅದೇ ರೇವಮ್ಮ ಧನಲಕ್ಷ್ಮಿಯನ್ನು ತಣ್ಣಗೆ ಕೇಳಿದಳು: "ನಿಮ್ಮನೇದು ಎಲ್ಲವ್ವಾ ಕಾಣ್ದು? ಊರೋರ್ ಮನೇದೆಲ್ಲಾ ಅದೆ."

ಧನಲಕ್ಷ್ಮಿ ಸೀದಾ ಮನೆಗೆ ಬಂದಳು. ನಡೆದೂ ಬರಬಾರದು, ಕುದುರೆ ಏರಿಯೂ ಬರಬಾರದು ಎಂದು ಹುಕುಂ ಮಾಡುವ ಅಜ್ಜಿ ಕತೆಯ ರಾಣಿಯಂತೆ ಗಂಡನ ಮುಂದೆ ನಿಂತಳು.

"ಅದೇನ್ ಮಾಡ್ತೀರೋ ನಂಗೊತ್ತಿಲ್ಲ. ಸಂಜೆ ಒಳ್ಗೆ ನಮ್ಮನೇದೊಂದು ಚೂರು ಆ ನವಿಲ್ ಮೇಲಿರ್ಬೇಕು. ಆದ್ರೆ ನನ್ ಮನೇಲಿ ಒಂದು ಸಾಮಾನೂ ಒಡೀಬಾರ್ದು."

ಅಟ್ಟದ ಮೇಲೆ ಹಳೆಯದೇನಾದರೂ ಇದ್ದೀತೇ ಎಂದು ಶಿವರಾಜು ಮೆಲ್ಲಗೆ ಕೇಳಿದ.

"ಹುಣ್ಸೇಹಣ್ಣಿನ ಚೀಲ ಬಿಟ್ರೆ ಅಲ್ಲೇನದೆ? ಏಣಿ ಹತ್ತಿ ಬಿದ್ದು ಕಾಲ್ ಮುರ್ಕಬ್ಯಾಡಿ. ಗ್ವಾಡೆಗೆ ನಿಮ್ ಮೂಳೆ ಅಂಟ್ಸಾಕಾಗಲ್ಲ."

ಶಿವರಾಜು ಅಂಗಡಿಗೆ ಬೀಗ ಹಾಕಿ ಹೊರಟ. ಮೊದಲು ಚನ್ನಪ್ಪನ ಪಾತ್ರೆ ಅಂಗಡಿ. ಒಂದು ತಟ್ಟೆ ಕೊಂಡು, ಒಡೆದು, ಮನೆಯದೇ ಎಂದು ಸುಳ್ಳು ಹೇಳುವ ಯೋಚನೆ. ಹೂವಿನ ಚಿತ್ತಾರದ ಪಿಂಗಾಣಿ ತಟ್ಟೆ ಕೊಂಡು ಅಂಗಡಿ ಪಕ್ಕದ ಕಲ್ಲಿಗೆ ಬೀಸಿ ಹೊಡೆದ. ತಟ್ಟೆ ಟಣ್ ಎಂದು ಎಗರಿ, ಚಕ್ರದಂತೆ ಉರುಳಿಕೊಂಡು ರಸ್ತೆಗೆ ಹೋಗಿ ಹೊಳೆನರಸೀಪುರದ ಬಸ್ಸಿನಡಿ ಸೇರಿತು. ಬಸ್ಸು ಹೋದ ಮೇಲೆ ನೋಡಿದರೆ ಒಂದು ಹೂವೂ ಅಳಿಸದೆ ನಗುತ್ತಾ ಮಲಗಿತ್ತು. ಚನ್ನಪ್ಪ ಓಡಿಬಂದು ಅದನ್ನೆತ್ತಿ, ಬಸ್ಸು ಹತ್ತಿದರೂ ಒಡೆಯದ ತಟ್ಟೆ ನೋಡಿ ಎಂದು ಜನ ಸೇರಿಸಿದ. ಮಧ್ಯಾಹ್ನದೊಳಗೆ ಅಂಗಡಿಯಲ್ಲಿದ್ದ ಅಂಥ ತಟ್ಟೆಗಳೆಲ್ಲ ಖಾಲಿ.

ಊಟಕ್ಕೆ ಬಂದಾಗ ಶಿವರಾಜು ಇನ್ನೊಂದು ಧೈರ್ಯ ಮಾಡಿದ. ಮಜ್ಜಿಗೆ ಕುಡಿದ ಗಾಜಿನ ಲೋಟ ಕೈ ಜಾರಿತೆಂಬಂತೆ ಬಿಟ್ಟ. ಒಲೆಯ ಮುಂದಿದ್ದ ಧನಲಕ್ಷ್ಮಿ ಅದು ಹೇಗೆ ಬಂದಳೋ, ವಿಕೆಟ್ ಕೀಪರಿನಂತೆ ಬಾಗಿ, ನೆಲ ಮುಟ್ಟುವ ಮೊದಲೇ ಲೋಟ ಹಿಡಿದಳು. ಲೋಟ ತೊಳೆದು ಕಪಾಟಿಗೆ ಸೇರಿಸಿ ಚಿಲಕ ಹಾಕಿದಳು.

ಇನ್ನು ಉಳಿದದ್ದು ಕಳ್ಳತನ. ನವಿಲಿನ ಬುಡದಲ್ಲಿ ಮಿಕ್ಕ ಚೂರುಗಳ ಬುಟ್ಟಿಯಿತ್ತು. ನವಿಲು ಮುಗಿದೇ ಹೋಗಿತ್ತು, ಕಣ್ಣೊಂದನ್ನು ಬಿಟ್ಟು. ಕಣ್ಣು ನಮ್ಮ ಮನೆಯ ಚೂರಿನದೇ ಆಗಬೇಕೆಂದು ಪ್ರತಿ ಮನೆಯವರೂ ಜಗಳಕ್ಕೆ ನಿಂತಿದ್ದರಿಂದ ಅನುಶ್ರೀ ಆ ಜಾಗವನ್ನು ಖಾಲಿ ಬಿಟ್ಟು ತಲೆಯ ಮೇಲೆ ಕೈಹೊತ್ತು ಕುಳಿತಿದ್ದಳು. ಶಿವರಾಜು ಬೂಟಿನ ಲೇಸು ಬಿಗಿಯುವವನಂತೆ ಬಗ್ಗಿ ಒಂದು ನೀಲಿ ಚೂರನ್ನು ಜೇಬಿಗಿಳಿಸಿದ. ಕಾಲಲ್ಲಿದ್ದದ್ದು ಹವಾಯಿ ಚಪ್ಪಲಿ ಎಂಬುದು ಅವನಿಗೆ ಮರೆತಿತ್ತು, ರೇವಮ್ಮನಿಗೆ ಮರೆತಿರಲಿಲ್ಲ.

"ಲೇ ಶಿವರಾಜು, ಮಡುಗ್ಲಾ ಅದ್ನ. ಅದು ನಮ್ಮನೆ ಟೀ ಬಸಿ ಕಣ್ಲಾ. ನನ್ ಸೊಸೆ ಒಡ್ದಾಕಿದ್ದು ನಂಗ್ ಗುರ್ತಿಲ್ವಾ?"

ಶಿವರಾಜು ಬೆಚ್ಚಿ ಹಿಂದೆ ಸರಿದ. ಒಂದು ಕಾಲು ಸಿಮೆಂಟಿನ ಬಾಂಡ್ಲಿಯೊಳಗೆ ಹೋಯಿತು. ಬಾಂಡ್ಲಿ ಸಮೇತ ನಾಲ್ಕು ಹೆಜ್ಜೆ ಕುಂಟಿ, ಚೂರುಗಳ ಬುಟ್ಟಿಯ ಪಕ್ಕದಲ್ಲಿ ಮೂಟೆಯಂತೆ ಬಿದ್ದ. ಕನ್ನಡಕ ಹಾರಿ ಗೋಡೆಗೆ ಬಡಿದು ಚಟ್ ಎಂದಿತು.

ಅನುಶ್ರೀ ಎದ್ದು ಬಂದು ಕನ್ನಡಕದಲ್ಲಿ ಪುಡಿಯಾಗದೆ ಉಳಿದ ಒಂದೇ ಗಾಜನ್ನು ಬಿಡಿಸಿಕೊಂಡಳು. ಗುಂಡಗಿನ ದಪ್ಪ ಗಾಜು. ನಡುವಿನಿಂದ ಸುತ್ತಲೂ ಬಿರುಕುಗಳು ಸೂರ್ಯನ ಕಿರಣದಂತೆ ಹರಡಿದ್ದವು. ಹಿಂದೆ ಕಪ್ಪು ಬಳೆಯ ಚೂರಿಟ್ಟು, ಖಾಲಿ ಜಾಗಕ್ಕೆ ಒತ್ತಿದಳು. ಇಳಿಬಿಸಿಲು ಅದರ ಮೇಲೆ ಬಿತ್ತು. ನವಿಲು ಕಣ್ಣು ಬಿಟ್ಟಿತು.

"ಮನೇಲಿ ದಿನಾ ಬಳಸಿದ್ದು, ತಾನಾಗೇ ಒಡ್ದಿದ್ದು," ಎಂದ ಚನ್ನಪ್ಪ. "ಕಣ್ಣಿಗೆ ಕಣ್ಣಿನ್ ಸಾಮಾನೇ ಆಕವ್ರೆ. ಇನ್ ಯಾರೇನ್ ಅನ್ನಂಗದೆ?"

ಚಪ್ಪಾಳೆ ಬಿತ್ತು. ಸಂಜೆಯ ಬಸ್ಸಿನ ಡ್ರೈವರ್ ಇಂಜಿನ್ ನಿಲ್ಲಿಸಿ ಇಳಿದು ಬಂದು ನೋಡಿದ; ಅವನ ಹಿಂದೆ ಬಸ್ಸಿಗೆ ಬಸ್ಸೇ ಇಳಿಯಿತು. ಸುದ್ದಿ ಮುಟ್ಟಿ ಧನಲಕ್ಷ್ಮಿ ಮದುವೆಯ ರೇಷ್ಮೆ ಸೀರೆಯುಟ್ಟು ಬಂದಳು. ನವಿಲಿನ ಕಣ್ಣಿನ ಕೆಳಗೇ ನಿಂತು ಫೋಟೋ ತೆಗೆಸಿಕೊಂಡಳು.

"ಆಯ್ತು ಬುಡವ್ವ," ಎಂದಳು ರೇವಮ್ಮ, ನುಂಗಲಾರದ್ದನ್ನು ನುಂಗಿ. "ನಾವೆಲ್ಲಾ ಗರಿ ಆದೋ, ನಿಮ್ಮನೆ ಕಣ್ಣಾಯ್ತು."

ಶಿವರಾಜುವಿಗೆ ಕಂಡದ್ದು ಬರೀ ನೀಲಿ ಮಂಜು. ಫೋಟೋದಲ್ಲಿ ಅವನು ದೀಪದ ಕಂಬದ ಕಡೆ ತಿರುಗಿ ನಗುತ್ತಿದ್ದಾನೆ.

ಮನೆಗೆ ಬಂದ ಮೇಲೆ ಧನಲಕ್ಷ್ಮಿ ಸಜ್ಜಿಗೆ ಮಾಡಿ ಗಂಡನಿಗೆ ಮೊದಲು ಬಡಿಸಿದಳು. ಬಡಿಸುತ್ತಲೇ ನಿಟ್ಟುಸಿರು ಬಿಟ್ಟಳು. "ಏನೇ ಅನ್ನಿ, ಈ ಮನೇಲಿ ಮೊದುಲ್ನೇ ಸಲ ಒಡ್ದಿದ್ದು ನಿಮ್ ಕೈಯಿಂದ್ಲೇ. ಇಷ್ಟ್ ದಿನ ಕಾಪಾಡ್ಕಂಡ್ ಬಂದಿದ್ದೆ." ಆಮೇಲೆ ರೇವಮ್ಮನಿಗೂ ಒಂದು ಬಟ್ಟಲು ಸಜ್ಜಿಗೆ ಕೊಟ್ಟು ಬರಲು ಹೋದಳು. ಕೊಡುವ ನೆಪ, ಎದುರು ಕೂತು ತಿನ್ನಿಸುವ ಆಸೆ.

ಹಳೆಯ ಕನ್ನಡಕ ಅಟ್ಟದ ಮೇಲಿನ ಟ್ರಂಕಿನಲ್ಲಿದ್ದದ್ದು ಶಿವರಾಜುವಿಗೆ ನೆನಪಾಯಿತು. ತಡವರಿಸುತ್ತಾ ಏಣಿ ಹತ್ತಿದ. ಕೈಗೆ ಟ್ರಂಕು ಸಿಗಲಿಲ್ಲ, ಹುಣಸೇಹಣ್ಣಿನ ಚೀಲ ಸಿಕ್ಕಿತು. ಸರಿಸಿದ. ಹುಣಸೇಹಣ್ಣು ಗಲಗಲ ಎಂದಿತು.

ಕೈ ಹಾಕಿ ಒಂದೊಂದನ್ನೇ ಮೂಗಿನ ಹತ್ತಿರ ಹಿಡಿದು ನೋಡಿದ. ಟೀ ಕಪ್ಪಿನ ಹಿಡಿಗಳು, ಅರ್ಧ ಬಸಿಗಳು, ಲೋಟದ ತಳಗಳು. ಕೊನೆಗೆ ಅವನ ತಾಯಿಯ ಹೂವಿನ ಜಾಡಿ, ಎರಡು ಹೋಳು. ಆ ಜಾಡಿಯನ್ನು ಕದ್ದದ್ದು ತನ್ನ ತಂಗಿಯೇ ಎಂದು ತಾಯಿ ಅವಳ ಜೊತೆ ಇವತ್ತಿಗೂ ಮಾತು ಬಿಟ್ಟಿದ್ದಾಳೆ.

ಏಣಿಯ ಕೆಳಗೆ ಬಳೆ ಸದ್ದಾಯಿತು. ಧನಲಕ್ಷ್ಮಿ ಎಷ್ಟು ಹೊತ್ತಿನಿಂದ ನಿಂತಿದ್ದಳೋ.

"ಕಂಡ್ತಾ?" ಎಂದಳು ಸಣ್ಣ ದನಿಯಲ್ಲಿ.

"ಕಾಣ್ಲಿಲ್ಲ. ಕೈಗ್ ಸಿಕ್ತು."

ಅವಳು ಸೆರಗಿನ ತುದಿಯನ್ನು ಸುತ್ತಿದಳು, ಬಿಚ್ಚಿದಳು. ಆಮೇಲೆ ಸಂಜೆಯ ಗೆಲುವೆಲ್ಲ ದನಿಗೆ ಮರಳಿ ಬಂತು.

"ನಾಳೆಯಿಂದ ಬಾಗೂರಲ್ಲಿ ಆನೆ ಮಾಡುಸ್ತಾರಂತೆ ಅನುಶ್ರೀ ಮೇಡಮ್ಮು. ಆನೆಗೆ ಚೂರು ಜಾಸ್ತಿ ಬೇಕಾಯ್ತದೆ. ಬೆಳಿಗ್ಗೆ ಮೊದುಲ್ನೇ ಬಸ್ಸಿಗೆ ಒತ್ಕಂಡೋಗಿ ಕೊಟ್ಬುಟ್ ಬನ್ನಿ."

"ಕನ್ನಡ್ಕ ಇಲ್ದೇನಾ? ಬಾಗೂರು ಯಾವ್ದು, ಬಸ್ಸು ಯಾವ್ದು ಅಂತ ಗೊತ್ತಾಗದೆಂಗೆ?"

"ಕೇಳ್ಕಂಡೋಗಿ. ಬಾಯಿ ಒಡ್ದಿಲ್ವಲ್ಲ."

ಶಿವರಾಜು ಚೀಲವನ್ನು ಹೆಗಲಿಗೇರಿಸಿ ಒಂದೊಂದೇ ಮೆಟ್ಟಿಲು ಇಳಿದ. "ಇಷ್ಟೊಂದು ಯಾರ ಮನೇದು ಅಂತ ಕೇಳುದ್ರೆ ಏನನ್ಲಿ?"

ಧನಲಕ್ಷ್ಮಿ ಕಿಟಕಿಯಿಂದ ಎದುರು ಮನೆಯನ್ನೊಮ್ಮೆ ನೋಡಿದಳು.

"ರೇವಮ್ಮನ್ ಮನೇದು ಅನ್ನಿ."