ಎಳೆರಾಣಿ ಅತ್ತಿದ್ದೇಕೆ?

ಈ ಸಿನಿಮಾದವರಿಗೆ ದುಡ್ಡು ಹೆಚ್ಚಾಗಿದೆ, ಬುದ್ಧಿ ಕಡಿಮೆಯಾಗಿದೆ. ಇಲ್ಲದಿದ್ದರೆ ಒಬ್ಬ ಹೆಣ್ಣುಮಗಳು ತೌರಿಗೆ ಹೋಗುವುದಕ್ಕೆ ಹನ್ನೆರಡು ನಿಮಿಷ ಅಳುತ್ತಾಳೆ ಅಂತ ತೋರಿಸುತ್ತಿದ್ದರೇ? ಅತ್ತೆಮನೆಗೆ ಹೋಗುವಾಗ ಅಳುವುದು ಲೋಕರೂಢಿ. ನಾನೂ ಅತ್ತಿದ್ದೆ. (ಗಂಡನ ಮುಖ ಸರಿಯಾಗಿ ನೋಡಿದ ಮೇಲೆ ಇನ್ನೂ ಸ್ವಲ್ಪ ಅತ್ತೆ.) ತೌರಿಗೆ ಹೋಗಲು ಅಳುವವಳನ್ನು ನನ್ನ ಐವತ್ತೆಂಟು ವರ್ಷದಲ್ಲಿ ನೋಡಿದ್ದು ಇದೇ ಮೊದಲು, ಅದೂ ಟಿಕೆಟ್ ತೆಗೆದುಕೊಂಡು.

ಸಿನಿಮಾಕ್ಕೆ ಹೋದದ್ದಾದರೂ ಯಾಕೆ ಅಂತ ಹೇಳಿಬಿಡುತ್ತೇನೆ. ನಮ್ಮ ಮಗ ಅಂಜನ್‌ಕುಮಾರನಿಗೆ ವೈಶಾಖದಲ್ಲಿ ಮದುವೆಯಾಯಿತು. ಸೊಸೆ ಕೃತಿಕಾ ಇಲ್ಲೇ ಗುಬ್ಬಿಯ ಹೈಸ್ಕೂಲಿನಲ್ಲಿ ಟೀಚರ್. ಅಷ್ಟರಲ್ಲಿ ಆಷಾಢ ಹತ್ತಿರ ಬಂತು. ಮದುವೆಯಾದ ಮೊದಲ ಆಷಾಢದಲ್ಲಿ ಅತ್ತೆ, ಸೊಸೆ ಒಂದೇ ಹೊಸ್ತಿಲು ದಾಟಬಾರದು, ಸೊಸೆ ತೌರಿಗೆ ಹೋಗಬೇಕು. ಇದೇನು ನಾನು ಮಾಡಿದ ಕಾನೂನಲ್ಲ. (ಜಾರಿ ಮಾಡುವ ಅಧಿಕಾರ ಮಾತ್ರ ನನ್ನದು.) ಅವಳ ತೌರು ಕುಣಿಗಲ್ ಕಡೆಯ ಮಾರ್ಕೋನಹಳ್ಳಿ. ಅಲ್ಲಿಂದ ದಿನಾ ಗುಬ್ಬಿಯ ಸ್ಕೂಲಿಗೆ ಬರಬೇಕೆಂದರೆ ಮೂರು ಬಸ್ಸು. ಈ ವರ್ಷ ಒಂದು ಬಿಟ್ಟುಬಿಡೋಣ ಅಂತ ಮಗ ಗೋಗರೆದ. ನಾನು ಜಗ್ಗಲಿಲ್ಲ.

ನಿಜ ಹೇಳಿಬಿಡಲೇ? ಎರಡು ತಿಂಗಳಿಂದ ನನ್ನ ಅಡುಗೆಮನೆಯಲ್ಲಿ ಸಾಸಿವೆ ಇದ್ದ ಕಡೆ ಜೀರಿಗೆ ಕೂತಿದೆ. ಹುಣಿಸೆಹಣ್ಣು ಫ್ರಿಜ್ಜಿಗೆ ಹೋಗಿದೆ. ಒಂದೇ ಒಂದು ತಿಂಗಳ ಮಟ್ಟಿಗೆ ನನ್ನ ಸಾಮ್ರಾಜ್ಯ ನನಗೆ ವಾಪಸ್ ಬೇಕಾಗಿತ್ತು.

ಹೀಗಿರುವಾಗ ಒಂದು ಭಾನುವಾರ ಸೊಸೆ, "ಅತ್ತೆ, ಎಲ್ರೂ ಸಿನಿಮಾಗೆ ಹೋಗಣ, ಟಿಕೆಟ್ ಬುಕ್ ಮಾಡಿದೀನಿ" ಅಂದಳು. ಹೋಗುವ ಮುಂಚೆ ಅತ್ತೆಯನ್ನು ಖುಷಿಪಡಿಸುತ್ತಿದ್ದಾಳೆ, ಪಾಪ, ಅಂದುಕೊಂಡೆ. ಆ ಪಾಪ ಯಾರು ಅನ್ನುವುದು ಆಮೇಲೆ ಗೊತ್ತಾಯಿತು.

ಸಿನಿಮಾದ ಹೆಸರು 'ಎಳೆರಾಣಿ'. ಯಾವುದೋ ಸಂಸ್ಥಾನ, ಯಾವುದೋ ಶತಮಾನ. ರಾಣಿಗೆ ಹತ್ತೊಂಬತ್ತು ವರ್ಷ. ಬೆಳಿಗ್ಗೆ ಎದ್ದರೆ ಕಣ್ಣಿನ ಕಾಡಿಗೆ ಒಂದೆಳೆಯೂ ಕದಡಿಲ್ಲ. ಕುಪ್ಪಸದ ಬೆನ್ನಿಗೆ ಬರೀ ಎರಡು ದಾರ, ಅಷ್ಟು ದೊಡ್ಡ ಅರಮನೆಯಲ್ಲಿ ದರ್ಜಿಗೆ ಬಟ್ಟೆ ಸಾಲದೆ ಬಂದಿತ್ತೇನೋ. ನಲವತ್ತು ಜನ ದಾಸಿಯರಿದ್ದಾರೆ, ಒಬ್ಬಳ ಕೈಯಲ್ಲೂ ಪೊರಕೆ ಇಲ್ಲ. ರಾಜನಂತೂ ಜಿಮ್ಮಿನಿಂದ ಈಗ ತಾನೇ ಬಂದವನ ಹಾಗೆ ಅಂಗಿ ಬಿಚ್ಚಿಕೊಂಡೇ ರಾಜ್ಯಭಾರ ಮಾಡುತ್ತಾನೆ. ಶತ್ರು ಕೋಟೆ ಬಾಗಿಲಿಗೆ ಬಂದು ನಿಂತರೂ ಹಾಡು ಮುಗಿಯುವ ತನಕ ಕಾಯುತ್ತಾನೆ. ಶತ್ರುವಾದರೂ ಸಂಸ್ಕಾರವಂತ.

ಅಷ್ಟರಲ್ಲಿ ಆ ಸಂಸ್ಥಾನಕ್ಕೂ ಆಷಾಢ ಬಂತು. ರಾಜಮಾತೆ ಸಂಪ್ರದಾಯದಂತೆ ಸೊಸೆಯನ್ನು ತೌರಿಗೆ ಹೊರಡಿಸಿದಳು. ಅವಳು ಮಾಡಿದ ತಪ್ಪು ಇಷ್ಟೇ. ಅದಕ್ಕೇ ಆ ಹೆಂಗಸು ಪರದೆ ಮೇಲೆ ಬಂದಾಗಲೆಲ್ಲ ನಾಗರಹಾವು ಬಂದ ಹಾಗೆ ಮ್ಯೂಸಿಕ್ಕು. ಎಳೆರಾಣಿ ಪಲ್ಲಕ್ಕಿಯಲ್ಲಿ ಕೂತು ಅತ್ತಳು, ಮಳೆಯಲ್ಲಿ ಅತ್ತಳು, ಆನೆಯ ಸೊಂಡಿಲು ಹಿಡಿದುಕೊಂಡು ಅತ್ತಳು. ಪಕ್ಕದಲ್ಲಿ ನನ್ನ ಸೊಸೆ ಮೂಗು ಒರೆಸಿಕೊಂಡಳು. ಅವಳ ಪಕ್ಕದಲ್ಲಿ ನನ್ನ ಮಗನೂ ಒರೆಸಿಕೊಂಡ. ನಮ್ಮೆಜಮಾನ್ರು ತಿಮ್ಮರಾಜು ಅವರು ತಾಲ್ಲೂಕಾಫೀಸಿನಲ್ಲಿ ಮೂವತ್ತೈದು ವರ್ಷ ತುಟಿ ಬಿಚ್ಚದೆ ರಿಟೈರ್ ಆದವರು. ಇಲ್ಲೂ ತುಟಿ ಬಿಚ್ಚಲಿಲ್ಲ.

ಇಂಟರ್‌ವಲ್ಲಿನಲ್ಲಿ ನನಗೆ ತಡೆಯಲಾಗಲಿಲ್ಲ. ಪಾಪ್‌ಕಾರ್ನ್ ಕ್ಯೂನಲ್ಲಿ ನಿಂತವರಿಗೆಲ್ಲ ಕೇಳುವ ಹಾಗೆ ಹೇಳಿಯೇಬಿಟ್ಟೆ.

"ತೌರಿಗೆ ಹೋಗೋಕೆ ಯಾವಳಾದ್ರೂ ಅಳ್ತಾಳಾ? ನಂಗೆ ಯಾರಾದ್ರೂ ಆಷಾಢಕ್ಕೆ ಹೋಗು ಅನ್ಲಿ, ಪಲ್ಲಕ್ಕಿ ಗಿಲ್ಲಕ್ಕಿ ಏನೂ ಬ್ಯಾಡ, ಕೆಂಪು ಬಸ್ಸಲ್ಲೇ ಕುಣ್ಕೊಂಡು ಹೋಗ್ತೀನಿ."

ಕ್ಯೂನಲ್ಲಿದ್ದ ಇಬ್ಬರು ಹೆಂಗಸರು ತಲೆಯಾಡಿಸಿದರು. ಸೊಸೆ ನಕ್ಕಳು. ನನ್ನ ಮಾತು ಅವಳಿಗೆ ನಾಟಿತು ಅಂತ ನಾನು ಹಿಗ್ಗಿ ಹೀರೆಕಾಯಿಯಾದೆ.

ಮನೆಗೆ ಬಂದು ಊಟಕ್ಕೆ ಕೂತೆವು. ಮಗ ನಮ್ಮ ಪುರೋಹಿತರು ವೆಂಕಟರಂಗಯ್ಯನವರಿಗೆ ಫೋನ್ ಹಚ್ಚಿ ಸ್ಪೀಕರಿಗೆ ಹಾಕಿ, ಆಷಾಢದ ಶಾಸ್ತ್ರ ಏನು ಅಂತ ಕೇಳಿದ. ಅವರು ಯಾವತ್ತೂ ನನ್ನ ಪಾರ್ಟಿ, ಹಾಗಾಗಿ ನಾನು ನಿಶ್ಚಿಂತೆಯಿಂದ ಅನ್ನಕ್ಕೆ ಹುಳಿ ಬಡಿಸಿಕೊಂಡೆ.

"ಅತ್ತೆ, ಸೊಸೆ ಒಂದೇ ಹೊಸ್ತಿಲು ದಾಟಬಾರದು, ಅಷ್ಟೇ ಕಣಪ್ಪ," ಅಂದರು ಪುರೋಹಿತರು. "ಇಬ್ರಲ್ಲಿ ಯಾರು ಹೋಗ್ಬೇಕು ಅಂತ ಶಾಸ್ತ್ರದಲ್ಲಿ ಎಲ್ಲೂ ಹೇಳಿಲ್ಲ."

ಫೋನ್ ಇಟ್ಟ ಮೇಲೆ ಕೃತಿಕಾ ನನ್ನ ತಟ್ಟೆಗೆ ತುಪ್ಪ ಹಾಕುತ್ತಾ, ಅಷ್ಟೇ ಮೃದುವಾಗಿ, "ಅತ್ತೆ, ನೀವೇ ಹೋಗ್ಬನ್ನಿ. ಮೂವತ್ತು ವರ್ಷದಿಂದ ತೌರಿಗೆ ಅಂತ ಒಂದು ವಾರ ನೆಟ್ಟಗೆ ಹೋಗಿಲ್ಲ ನೀವು. ಮನೆ ನಾನು ನೋಡ್ಕೋತೀನಿ," ಅಂದಳು.

ನನ್ನ ತೌರು ಸಿ.ಎಸ್. ಪುರ. ಅಪ್ಪ ಅಮ್ಮ ಹೋಗಿ ಎಷ್ಟೋ ವರ್ಷವಾಯಿತು. ಈಗ ಅಲ್ಲಿ ಅಣ್ಣನ ಹೆಂಡತಿ ನರಸಮ್ಮತ್ತಿಗೆಯ ದರ್ಬಾರು. ನೆಂಟರು ಎಷ್ಟು ದಿನ ಇರುತ್ತಾರೆ ಅಂತ ಕೇಳಿಕೊಂಡೇ ಮುದ್ದೆಯ ಗಾತ್ರ ತೀರ್ಮಾನಿಸುವ ಹೆಂಗಸು ಅವಳು. ಒಂದು ತಿಂಗಳು ಅಂದರೆ ಗೋಲಿ ಗಾತ್ರವೇ ಗತಿ. ಇತ್ತ ನಾನು ವಾಪಸ್ ಬರುವಷ್ಟರಲ್ಲಿ ಸಾಸಿವೆ ಇರಲಿ, ಒಲೆಯೇ ಜಾಗ ಬದಲಾಯಿಸಿರುತ್ತದೆ.

ಬೇಡ ಅನ್ನೋಣವೆಂದರೆ, ರಾಣಿ ಅತ್ತಿದ್ದು ಸರಿ ಅಂತ ಒಪ್ಪಿಕೊಂಡ ಹಾಗಾಗುತ್ತದೆ. ಸೊಸೆ ಇಲ್ಲೇ ಇರಲಿ, ನಾನೂ ಇರುತ್ತೇನೆ ಅನ್ನೋಣವೆಂದರೆ, ಇಷ್ಟು ದಿನ ಶಾಸ್ತ್ರ, ಶಾಸ್ತ್ರ ಅಂತ ಕೂಗಾಡಿದ ಬಾಯಿ ನನ್ನದೇ. ಕೊನೆಗೆ, "ಅಯ್ಯೋ, ನಂಗೇನು, ಸಂತೋಷವಾಗಿ ಹೋಗ್ತೀನಿ," ಅಂದೆ.

ಆಷಾಢದ ಹಿಂದಿನ ದಿನ ಸೊಸೆ ಮಡಿಲಿಗೆ ಅಕ್ಕಿ, ಬೆಲ್ಲ, ಕೊಬ್ಬರಿ ಹಾಕಿ ಕಾಲಿಗೆ ನಮಸ್ಕಾರ ಮಾಡಿದಳು. ಮಾಡಬೇಕಾದ್ದನ್ನು ಒಂದೂ ಬಿಡಲಿಲ್ಲ, ಬೈಯಲು ಒಂದು ಎಳೆಯೂ ಸಿಗಲಿಲ್ಲ. ಹೊಸ್ತಿಲು ದಾಟುವಾಗ ಕಣ್ಣು ಮಂಜಾಯಿತು. ಆನೆ ಇದ್ದಿದ್ದರೆ ನಾನೂ ಸೊಂಡಿಲು ಹಿಡಿದುಕೊಳ್ಳುತ್ತಿದ್ದೆನೇನೋ, ಇದ್ದದ್ದು ಮಗನ ಸ್ಕೂಟರು.

ಅದರಲ್ಲಿ ಬಸ್‌ಸ್ಟ್ಯಾಂಡಿಗೆ ಬಿಡಲು ಬಂದವರು ನಮ್ಮೆಜಮಾನ್ರು. ಬ್ಯಾಗು ಹೊತ್ತು ತಂದು, ನುಗ್ಗಿ ನನಗೆ ಕಿಟಕಿ ಸೀಟು ಹಿಡಿದುಕೊಟ್ಟರು. ಕೆಳಗಿಳಿದು ಕಿಟಕಿಯ ಸರಳು ಹಿಡಿದು ನಿಂತರು. ನೋಡುತ್ತೇನೆ, ಮುಖ ಸಪ್ಪಗಾಗಿದೆ. ನನ್ನ ಜೀವ ಹೂವಾಯಿತು. ಇಡೀ ಮನೆಯಲ್ಲಿ ನಾನು ಇಲ್ಲದಿದ್ದರೆ ಕೊರಗುವ ಪ್ರಾಣಿ ಇದೊಂದಾದರೂ ಇದೆಯಲ್ಲ. ಅವರು ಒಂದು ಮಾತು ಬೇಡ ಅಂದರೆ ಸಾಕು, ಬ್ಯಾಗಿನ ಸಮೇತ ಇಳಿದುಬಿಡುವ ಅಂತ ಸೆರಗು ಸಿಕ್ಕಿಸಿಕೊಂಡೇ ಕೇಳಿದೆ.

"ಏನ್ರೀ, ಬೇಜಾರಾಗ್ತಿದೆಯಾ?"

ಬಸ್ಸು ಹೊರಟಿತು. ಯಜಮಾನರು ಜೊತೆಗೇ ನಾಲ್ಕು ಹೆಜ್ಜೆ ನಡೆದು, ಆವತ್ತಿನ ಮೊದಲ ಮಾತು ಆಡಿದರು.

"ಆಗ್ದೆ ಇರುತ್ತಾ ವನಜಾ? ವರ್ಷಕ್ಕೆ ಒಂದೇ ಆಷಾಢ ಮಡಗಿದಾರಲ್ಲ."