ಹಳೇ ಇಂಜಿನ್ನಿನ ಕುಂದುಕೊರತೆ

ಶೆಡ್ಡಿನಲ್ಲಿ ಕಾರು ಇರಬೇಕೋ ಹೊಲಿಗೆ ಮೆಷಿನ್ನು ಇರಬೇಕೋ ಅನ್ನುವ ಮೊಕದ್ದಮೆ ಬಡಗಿಯ ಮನೆಯಲ್ಲಿ ಬಹಳ ಕಾಲ ನಡೆದು, ತೀರ್ಪು ಹೆಂಡತಿಯ ಕಡೆಗೇ ಆಯಿತು. (ನ್ಯಾಯಾಧೀಶರೂ ಅವಳೇ.) ಹಳೇ ಪೆಟ್ರೋಲ್ ಕಾರನ್ನು ಕೊಳ್ಳಲು ಭಾನುವಾರ ಮೇಷ್ಟ್ರೊಬ್ಬರು ಬಂದರು.

ಬಡಗಿಗೆ ಕಾರು ಬಿಟ್ಟುಕೊಡುವ ಮನಸ್ಸು ಎಳ್ಳಷ್ಟೂ ಇರಲಿಲ್ಲ. ಸುಳ್ಳು ಹೇಳಿ ಅಭ್ಯಾಸವೂ ಇರಲಿಲ್ಲ. ಯೋಚಿಸಿ ಯೋಚಿಸಿ ಒಂದು ಬ್ರಹ್ಮಾಸ್ತ್ರ ಹುಡುಕಿದ್ದ: ಇಂಜಿನ್ನಿನ ಕುಂದುಕೊರತೆಯನ್ನೆಲ್ಲ ನಿಜವಾಗಿಯೇ ಹೇಳಿಬಿಡುವುದು. ಮೇಷ್ಟ್ರು ಹೆದರಿ ಓಡಬೇಕು.

ಬಾನೆಟ್ ಎತ್ತಿ ಶುರುಮಾಡಿದ. ಸಾವಿರ ಸಿಸಿ, ನಾಲ್ಕು ಸಿಲಿಂಡರು, ಕಾರ್ಬ್ಯುರೇಟರ್ ಕಾಲದ್ದು. ಒಂದೇ ಸಲಕ್ಕೆ ಸ್ಟಾರ್ಟ್ ಆದ ಚರಿತ್ರೆಯೇ ಇಲ್ಲ. ಚೋಕ್ ಎಳೆಯಬೇಕು, ಜಾಸ್ತಿ ಎಳೆದರೆ ಪೆಟ್ರೋಲ್ ಉಕ್ಕಿ ಪ್ಲಗ್ಗು ನೆನೆಯುತ್ತದೆ. ಇಷ್ಟು ಹೇಳುವಷ್ಟರಲ್ಲಿ ಅವನ ಕೈ ತಾನಾಗಿಯೇ ಇಂಜಿನ್ನಿನ ಧೂಳು ಒರೆಸುತ್ತಿತ್ತು.

"ನೆನೆದ್ರೆ ಏನ್ಮಾಡ್ತೀರಿ?" ಅಂದರು ಮೇಷ್ಟ್ರು.

"ಸುಮ್ನೆ ಕೂತ್ಕೊಳ್ಳೋದು ಸಾರ್. ಸಿಟ್ಟು ಇಳಿದ್ಮೇಲೆ ತಾನೇ ಮಾತಾಡುತ್ತೆ, ಪಾಪ."

ದಿಬ್ಬ ಹತ್ತಿದರೆ ಬಿಸಿಯಾಗುತ್ತದೆ ಅಂದ. ಆದರೆ ಮೀಟರಿನ ಮುಳ್ಳು ಮೇಲೇರಿಸಿ ಮುಂಚೆಯೇ ತಿಳಿಸುತ್ತದೆ, ಮರ್ಯಾದಸ್ಥ ಇಂಜಿನ್ನು. ಕಿಡಿ ಹೊತ್ತಿಸುವ ಪಾಯಿಂಟ್ ಕಪ್ಪಾದರೆ ಮಿಸ್ ಹೊಡೆಯುತ್ತದೆ. ಉಪ್ಪುಕಾಗದದಲ್ಲಿ ಮೆಲ್ಲಗೆ ಉಜ್ಜಿದರೆ ಮತ್ತೆ ಗಡಿಯಾರದ ಹಾಗೆ ಓಡುತ್ತದೆ. ಆಯಿಲ್ ಸೋರುತ್ತದೆ, ಆದರೂ ಎಷ್ಟು ಶಿಸ್ತು, ಒಂದೇ ಜಾಗಕ್ಕೆ ಸೋರುತ್ತದೆ. ಕೆಳಗೊಂದು ತಟ್ಟೆ ಇಟ್ಟರೆ ಆಯಿತು. (ಹೆಂಡತಿ ಮನೆಯೆಲ್ಲ ಹುಡುಕಿದ್ದ ತಟ್ಟೆ ಅದೇ. ಅವಳು ಬಾಗಿಲಲ್ಲೇ ನಿಂತಿದ್ದಳು.)

ಮೇಷ್ಟ್ರು ಓಡಲಿಲ್ಲ. ಮೈಮರೆತು ಕೇಳುತ್ತಿದ್ದರು. ಇನ್ನು ಇಂಜಿನ್ನೇ ಗತಿ ಎಂದು ಬಡಗಿ ಕೀಲಿ ತಿರುಗಿಸಿದ. ಎಂದೂ ನಾಲ್ಕು ಸಲ ಕೆಮ್ಮದೆ ಏಳದ ಆ ಇಂಜಿನ್ನು, ಇಷ್ಟು ಹೊಗಳಿಕೆಗೆ ಉಬ್ಬಿಹೋಗಿ, ಒಂದೇ ಸಲಕ್ಕೆ ಗುರ್ರೆಂದಿತು. ಬಡಗಿಗೆ ಹೆಮ್ಮೆಯೂ ಬಂತು, ಅಳುವೂ ಬಂತು.

"ಈ ಗಾಡಿ ನಂಗೇ ಬೇಕು. ಆದ್ರೆ ಇಷ್ಟೆಲ್ಲ ನೋಡ್ಕೊಳ್ಳೋಕೆ ನಂಗೆಲ್ಲಿ ಬರುತ್ತೆ?" ಅಂದರು ಮೇಷ್ಟ್ರು.

ಬಡಗಿಗೆ ಹೋದ ಜೀವ ಬಂದಂತಾಯಿತು.

"ಅದಕ್ಯಾಕೆ ಯೋಚ್ನೆ ಸಾರ್," ಅಂದಳು ಹೆಂಡತಿ. "ಭಾನುವಾರ ಭಾನುವಾರ ಇವರನ್ನ ಕಳಿಸ್ತೀನಿ. ಗಾಡಿ ಜೊತೆ ಇವರೂ ಸೇರಿದ್ದಾರೆ ಅಂತಿಟ್ಕೊಳ್ಳಿ."

ಮುಂದಿನ ಭಾನುವಾರ ಉಪ್ಪುಕಾಗದ ಜೇಬಿಗಿಟ್ಟುಕೊಂಡು ಬಡಗಿ ಮೇಷ್ಟ್ರ ಮನೆಗೆ ಹೊರಟ. ಶೆಡ್ಡಿನಲ್ಲಿ ಹೊಲಿಗೆ ಮೆಷಿನ್ನು ಒಂದೇ ತುಳಿತಕ್ಕೆ ಟಕಟಕ ಓಡುತ್ತಿತ್ತು. ಹೆಂಡತಿ ಅದನ್ನು ನಿಲ್ಲಿಸಿ, ಎಣ್ಣೆಗಪ್ಪು ಹತ್ತಿದ ಆ ತಟ್ಟೆಯನ್ನು ಅವನ ಕೈಗಿಟ್ಟಳು.

"ಇದನ್ನೇ ಇಡಿ," ಅಂದಳು. "ಮೇಷ್ಟ್ರ ಹೆಂಡ್ತಿ ತಟ್ಟೆಗೆ ಕೈ ಹಾಕ್ಬೇಡಿ."