ನಾಲ್ಕು ಮನೆಯ ಮಣ್ಣು

ಹುದುಗು ಬಂದ ದೋಸೆಹಿಟ್ಟಿಗೆ ಕೆರೆಯ ಪಾಚಿ ಬೆರೆತಂಥ ಒಂದು ವಾಸನೆ. ನೆನೆಹಾಕಿದ ಜೇಡಿಮಣ್ಣು ಹದಕ್ಕೆ ಬಂದಾಗ ಹಾಗೇ ನಾರುತ್ತದೆ. ನೀಲಪ್ಪ ಬಾಲ್ಯದಲ್ಲಿ ಮಲಗುತ್ತಿದ್ದದ್ದು ಆ ವಾಸನೆಯ ಪಕ್ಕದ ಚಾಪೆಯಲ್ಲೇ. ಹಾಗಾಗಿ ಮಾದನಾಯಕನಹಳ್ಳಿಯ ಕೆರೆಯ ಸುತ್ತ ಬೇಲಿ ಎದ್ದು ಕುಂಬಾರರ ನಾಲ್ಕು ಮನೆಗೂ ಮಣ್ಣಿಲ್ಲದಂತಾದಾಗ, ಹೊರಗಿನ ಮಣ್ಣುಗಳನ್ನು ಬೆರೆಸಿ ಎಲ್ಲರಿಗೂ ಒಂದೇ ಹದ ಕಂಡುಹಿಡಿಯುತ್ತೇನೆಂದು ಎದೆ ತಟ್ಟಿ ಹೇಳಿದ. ಹೇಳಿ ಸುಮ್ಮನಿರದೆ ಹಾಳೆಯ ಮೇಲೆ ಬರೆದೂಬಿಟ್ಟ: ಕಪ್ಪುಮಣ್ಣು ಐದು ಬುಟ್ಟಿ, ಕೆಂಪುಮಣ್ಣು ಮೂರು, ಮರಳು ಒಂದು, ನೀರು ಎಂಟು ಕೊಡ. ತೊಂದರೆ ಶುರುವಾದದ್ದು ಆ ಹಾಳೆಯಿಂದ.

ಬ್ರೂಕ್‌ಫೀಲ್ಡಿನಲ್ಲಿ ಕಂಪ್ಯೂಟರಿನವರಿಗೆ ಮಡಕೆ ಮಾಡಲು ಕಲಿಸುವ ವನಜಾ ಮೇಡಂ ಈ ದಿನ ಮಣ್ಣು ನೋಡಲು ಬರುವವರಿದ್ದರು. ಒಪ್ಪಿದರೆ ವಾರವಾರವೂ ಒಂದು ಟೆಂಪೋ ಮಣ್ಣು, ನೀಲಪ್ಪನಿಗೆ ಹದದ ಮೇಸ್ತ್ರಿ ಎಂಬ ಹೆಸರು. ಒಪ್ಪದಿದ್ದರೆ ನಾಲ್ಕೂ ಮನೆಯವರು ಪಕ್ಕದ ಗೋಡೌನಿನಲ್ಲಿ ಪೆಟ್ಟಿಗೆ ಹೊರಬೇಕು.

"ಯಾರೂ ಕೈ ಇಕ್ಕಂಗಿಲ್ಲ! ಆಳೇಲಿ ಬರ್ದಿರೋದಷ್ಟೇ!" ಎಂದು ನೀಲಪ್ಪ ಹಾಳೆಯಂತೆ ಕಲಸಿಟ್ಟ ಮಣ್ಣಿನ ತೊಟ್ಟಿಯ ಮುಂದೆ ನಿಂತು ಘೋಷಿಸಿದ.

ಆದರೆ ಒಬ್ಬ ಕುಂಬಾರ ಇನ್ನೊಬ್ಬನ ಮಣ್ಣನ್ನು ಚಿವುಟದೆ ದಾಟಿಹೋಗುವುದು, ಅಜ್ಜಿ ಮೊಮ್ಮಗುವಿನ ಕೆನ್ನೆ ಮುಟ್ಟದೆ ಹೋದಷ್ಟೇ ಅಪರೂಪ.

ಹತ್ತು ಗಂಟೆಗೆ ಮೇಡಂ ಫೋನು ಬಂತು. "ಮಾರತ್ತಹಳ್ಳೀಲೇ ಸಿಕ್ಕಾಕೊಂಡಿದೀನಿ ಕಣ್ರೀ, ಮಧ್ಯಾಹ್ನ ಆಗುತ್ತೆ." ನೀಲಪ್ಪ ದಾರಿ ಕಾಯಲು ತುಮಕೂರು ರಸ್ತೆಗೆ ಹೋದ.

ಮೊದಲು ಬಂದವನು ಎದುರುಮನೆಯ ಈರಪ್ಪ. ಚಿಟಿಕೆ ಮಣ್ಣು ನಾಲಿಗೆಗಿಟ್ಟು ನೋಡಿದ. "ಮರಳು ಸಾಲ್ದು. ಪಾಪ, ಮುಂಡೇದು ಮರ್ವಾದೆ ಕಳ್ಕಂಬುಡ್ತದೆ," ಎಂದು ಎರಡು ಬೊಗಸೆ ಮರಳು ಸುರಿದು ಕಲಸಿದ. ಅವನು ಹೋದ ಮೇಲೆ ಬಂದ ಮೂರನೇ ಮನೆಯ ನಲ್ಲಪ್ಪನ ನಾಲಿಗೆಗೆ ಮಣ್ಣು ಉಪ್ಪುಕಾಗದದಂತೆ ತರಚಿತು. ಅವನು ಒಂದು ಬುಟ್ಟಿ ಕಪ್ಪುಮಣ್ಣು ತುಂಬಿದ. ಆಮೇಲೆ ನಾಲ್ಕನೇ ಮನೆಯ ಹಿರಿಯಳಾದ ನಾಗಲಕ್ಷ್ಮಮ್ಮ ಬೆರಳಿಟ್ಟರೆ ಅದು ಹಲಸಿನ ಮೇಣದ ಹಾಗೆ ಹಿಡಿದುಕೊಂಡಿತು. ಆಕೆ ಒಂದು ಮೊರ ಕೆಂಪುಮಣ್ಣು ಸೇರಿಸಿದಳು. ಮೂವರೂ ಹೋಗುವಾಗ ಒದ್ದೆ ಕೈಯಿಂದ ಮೇಲೆಲ್ಲ ಸವರಿ, ಬೆಣ್ಣೆ ಕದ್ದ ಬೆಕ್ಕಿನಂತೆ ಸಾಧುವಾಗಿ ಮನೆ ಸೇರಿದರು.

ಮೂರು ಗಂಟೆಗೆ ಮೇಡಂ ಬಂದರು, ಹಿಂದೆಯೇ ಖಾಲಿ ಟೆಂಪೋ. ನಾಲ್ಕೂ ಮನೆಯವರು ಸುತ್ತ ನೆರೆದರು. ತೊಟ್ಟಿಯ ಮಣ್ಣನ್ನು ಹಗ್ಗದಂತೆ ಹೊಸೆದು ಗಂಟು ಹಾಕಿದರು. ಕೂದಲೆಳೆಯಷ್ಟೂ ಬಿರುಕಿಲ್ಲ.

"ಸಕ್ಕತ್ತಾಗಿದೆ!"

ನೀಲಪ್ಪನ ಎದೆ ಚಕ್ರದ ಮೇಲಿನ ಹರವಿಯಂತೆ ಉಬ್ಬಿತು.

"ಈಗ ಹಾಳೆ ನೋಡ್ಕೊಂಡು ನನ್ನೆದುರಿಗೇ ಸ್ವಲ್ಪ ಕಲಸಿ."

ನೆನೆಸಿಟ್ಟಿದ್ದ ಮಣ್ಣುಗಳನ್ನು ತೆಗೆದು ಅವನು ಬರೆದಂತೆಯೇ ಕಲಸಿದ. ಈ ಸಲದ ಗಂಟು ಚಳಿಗಾಲದ ಹಿಮ್ಮಡಿಯಂತೆ ಸೀಳಿತು.

"ಇದು ಆ ಮಣ್ಣೇ ಅಲ್ಲ. ಯಾರು ಏನು ಹಾಕಿದ್ರಿ? ನಿಜ ಹೇಳದಿದ್ರೆ ನಾನು ಹೊರಟೆ," ಎಂದರು ಮೇಡಂ.

ಈರಪ್ಪ ತಲೆ ಕೆರೆದುಕೊಂಡ. "ನಾನು ಒಂದೆಲ್ಡು ಬೊಗಸೆ ಮರಳು..."

"ಅದುಕ್ಕೇ ನಾಲ್ಗೆ ತರಚ್ತು!" ನಲ್ಲಪ್ಪ ಹಾರಿಬಿದ್ದ. "ಅದುನ್ನ ಸರಿ ಮಾಡಕ್ಕೆ ನಾನು ಬುಟ್ಟಿ ಕಪ್ಪುಮಣ್ಣು ಸುರೀಬೇಕಾಯ್ತು!"

"ಅಯ್ಯೋ, ಅಂಟು ಬಂದಿದ್ದು ನಿನ್ ದೆಸೆಯಿಂದ್ಲಾ? ನಾನು ಒಂದು ಮೊರ ಕೆಂಪುಮಣ್ಣು ಆಕ್ದೆ ಕಣಪ್ಪ," ಎಂದಳು ನಾಗಲಕ್ಷ್ಮಮ್ಮ.

"ನಾನೇನು ಕೈಲಾಗ್ದೋನಾ?" ನೀಲಪ್ಪ ಕೂಗಿದ.

"ಊಂ ಕಣ್ಲಾ, ಅದುಕ್ಕೇ ಸಾಯ ಮಾಡಿದ್ದು," ಎಂದ ಈರಪ್ಪ, ತುಂಬು ಪ್ರೀತಿಯಿಂದ.

ಮೇಡಂ ಮೂವರ ಬೊಗಸೆ, ಬುಟ್ಟಿ, ಮೊರಗಳನ್ನು ಅಳೆಸಿ ಹೊಸ ಹಾಳೆ ಬರೆದರು. ಅದರಂತೆ ಕಲಸಿದ ಮಣ್ಣು ಗಂಟು ಹಾಕಿದರೂ ಬಿರಿಯಲಿಲ್ಲ. "ಈ ವಾರದಿಂದಲೇ ಕಳಿಸಿ. ಯಾರ ಅಳತೆ ಸರಿಯಾಯ್ತೋ ಅದಕ್ಕೆ ಅವರೇ ಮೇಸ್ತ್ರಿ. ಮರಳಿಗೆ ಈರಪ್ಪ, ಕಪ್ಪುಮಣ್ಣಿಗೆ ನಲ್ಲಪ್ಪ, ಕೆಂಪುಮಣ್ಣಿಗೆ ನಾಗಲಕ್ಷ್ಮಮ್ಮ."

"ಮತ್ತೆ ನಾನು?"

ಮೇಡಂ ಹಳೆಯ ಹಾಳೆಯನ್ನು ಮೇಲಿನಿಂದ ಕೆಳಗಿನವರೆಗೆ ಓದಿದರು. "ನಿಮ್ಮ ನೀರು ಸರಿಯಾಗಿದೆ ನೀಲಪ್ಪ. ಎಂಟು ಕೊಡ. ಅದನ್ನ ಯಾರೂ ಮುಟ್ಟಿಲ್ಲ."

ಟೆಂಪೋ ತುಂಬಲು ಇನ್ನೂ ನಾಲ್ಕು ತೊಟ್ಟಿ ಮಣ್ಣು ಕಲಸಬೇಕಿತ್ತು. ನಲ್ಲಿ ಇದ್ದದ್ದು ಗೋಡೌನಿನ ಹಿಂದೆ. ಮೂವರು ಮೇಸ್ತ್ರಿಗಳು ಸೊಂಟಕ್ಕೆ ಕೈಕೊಟ್ಟು ಹದ ನೋಡುತ್ತಿದ್ದರೆ, ನೀಲಪ್ಪ ಕೊಡದ ಮೇಲೆ ಕೊಡ ಹೊತ್ತ.

ಹನ್ನೊಂದನೆಯ ಕೊಡಕ್ಕೆ ಅವನ ಕಾಲು ತಡವರಿಸಿತು. ಮನೆಯೊಳಗೆ ಹೋಗಿದ್ದ ನಾಗಲಕ್ಷ್ಮಮ್ಮ ಹಿಂತಿರುಗಿ ಬಂದು ಅವನ ಹೆಗಲಿನಿಂದ ಕೊಡ ಇಳಿಸಿದಳು. ಸೆರಗಿನ ಮರೆಯಿಂದ ಮುಚ್ಚಿದ ತಟ್ಟೆಯೊಂದನ್ನು ತೆಗೆದು ಅವನ ಕೈಗಿಟ್ಟಳು. ಬಿಸಿ ಮುದ್ದೆ, ಹುರುಳಿಕಾಳಿನ ಸಾರು.